ಮೊದಲ ಕೂಗಿಗೆ ಏಳಬಾರದು

ಹೊಲಿಗೆಯವಳು ಆ ಕೋಣೆಗೆ ಬಂದ ದಿನ ಕುಡಿಯುವ ನೀರು ಎಲ್ಲಿ ಸಿಗುತ್ತದೆ ಎಂದು ಯಾರೂ ಹೇಳಲಿಲ್ಲ, ಬಚ್ಚಲು ಯಾವ ಕಡೆ ಎಂದೂ ಹೇಳಲಿಲ್ಲ. ಕಿಟಕಿಯ ಕೆಳಗಿನ ಮಂಚದಲ್ಲಿ ಕೂತಿದ್ದ ಮುದುಕಿ ಅವಳನ್ನು ಹತ್ತಿರ ಕರೆದು, ಕೈಗೊಂದು ಕಂಬಳಿ ಕೊಟ್ಟು, ಇಷ್ಟು ಮಾತ್ರ ಹೇಳಿದಳು:

"ನೋಡು ಮಗಾ, ಬೆಳಿಗ್ಗೆ ಬಾಗಿಲ ಹತ್ರ ನಿಂತು ಮಂಚದ ನಂಬರ್ ಕೂಗ್ತಾರೆ. ಮೊದಲ ಕೂಗಿಗೆ ಏಳಬಾರದು. ಉಸಿರು ಬಿಟ್ಟಿದ್ದೂ ಕೇಳಿಸಬಾರದು."

ಯಾಕೆ ಎಂದು ಕೇಳುವಷ್ಟು ಧೈರ್ಯ ಹೊಲಿಗೆಯವಳಿಗೆ ಇರಲಿಲ್ಲ. ತಲೆಯಾಡಿಸಿ, ತನಗೆ ಕೊಟ್ಟ ಐದನೇ ಮಂಚದ ಮೇಲೆ ಕಾಲು ಮಡಿಚಿ ಕೂತಳು.

ಅದು ಜೈಲಲ್ಲ ಎಂದು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿದ್ದರು. ಕಾಗದ ಸರಿಯಿಲ್ಲದೆ ದೇಶದಲ್ಲಿ ಉಳಿದವರನ್ನು ಅವರವರ ದೇಶಕ್ಕೆ ಕಳಿಸುವವರೆಗೆ ಇಟ್ಟುಕೊಳ್ಳುವ ಜಾಗ. ಹಿಂದೆ ಕುರ್ಚಿ ಮೇಜುಗಳ ಗೋದಾಮಾಗಿತ್ತಂತೆ; ಸೆಕೆಯಾದಾಗ ಗೋಡೆಗಳಿಂದ ಇನ್ನೂ ವಾರ್ನಿಷ್ ವಾಸನೆ ಬರುತ್ತಿತ್ತು. ಜೈಲಲ್ಲವಾದ್ದರಿಂದ ಇಷ್ಟು ದಿನ ಎಂಬ ಲೆಕ್ಕವೂ ಇರಲಿಲ್ಲ. "ಜೈಲಾಗಿದ್ರೆ ಯಾವತ್ತು ಬಿಡ್ತಾರೆ ಅಂತಾನಾದ್ರೂ ಗೊತ್ತಿರ್ತಿತ್ತು, ನಮ್ಮ ಹಣೆಬರಹಕ್ಕೆ ಅದೂ ಸಿಗಲಿಲ್ಲ" ಎಂದು ಎದುರು ಮಂಚದ ಮೀನಿನವಳು ನಗುತ್ತಿದ್ದಳು. ಮೀನು ಹೆಚ್ಚಿ ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ದುಡಿದವಳು. ಎಷ್ಟು ಸೋಪು ಉಜ್ಜಿದರೂ ಕೈಯಿಂದ ವಾಸನೆ ಹೋಗಿಲ್ಲ, ಈಗ ಅದೊಂದೇ ತನ್ನ ಆಸ್ತಿ ಎನ್ನುತ್ತಿದ್ದಳು.

ಹೊಲಿಗೆಯವಳು ಬಟ್ಟೆ ರಿಪೇರಿಯ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಬದಲಿಸುವುದು, ದಪ್ಪಗಾದವರ ಕೋಟನ್ನು ಬಿಚ್ಚಿ ಸಡಿಲಿಸುವುದು. ಅವಳು ಆ ದೇಶದಲ್ಲಿ ಇರಬಹುದು ಎಂಬ ಅನುಮತಿ ಗಂಡನ ನೌಕರಿಯ ಮೇಲೆ ನಿಂತಿತ್ತು. ಗಂಡ ಕಟ್ಟಡದ ಕೆಲಸದಲ್ಲಿ ಮೇಲಿಂದ ಬಿದ್ದು ಸತ್ತ. ಅವನ ಜೊತೆಗೇ ಆ ಅನುಮತಿಯೂ ಸತ್ತಿತ್ತೆಂದು ಅವಳಿಗೆ ಯಾರೂ ಹೇಳಲಿಲ್ಲ. ಅಳು ನುಂಗಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ತಪಾಸಣೆಯವರು ಅಂಗಡಿಗೆ ಬಂದರು. ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನು ತೆಗೆದಿಡುವಷ್ಟು ಹೊತ್ತು ಕೊಟ್ಟರು, ಅಷ್ಟೇ.

ಆ ಹೊತ್ತಿನಲ್ಲಿ ಮಗಳು ಶಾಲೆಯಲ್ಲಿದ್ದಳು. ಎರಡನೇ ಕ್ಲಾಸು. ಅವಳನ್ನು ಕರೆದುಕೊಂಡು ಹೋಗಿ ಇಟ್ಟುಕೊಂಡವಳು ನಾದಿನಿ, ಗಂಡನ ಅಕ್ಕ. ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ. ಅವಳ ಕಾಗದ ಗಟ್ಟಿಯಾಗಿತ್ತು, ನಾಲಿಗೆ ಅದಕ್ಕಿಂತ ಗಟ್ಟಿ. ಮಗು ಅಲ್ಲೇ ಹುಟ್ಟಿದ್ದರಿಂದ ಅದನ್ನು ಯಾರೂ ಹೊರಗೆ ಕಳಿಸುವಂತಿರಲಿಲ್ಲ. ತಾಯಿಯನ್ನು ಮಾತ್ರ ಕಳಿಸಬಹುದಿತ್ತು. ಒಮ್ಮೆ ವಿಮಾನ ಹತ್ತಿಸಿದರೆ ಬಹಳ ವರ್ಷ ತಿರುಗಿ ಕಾಲಿಡುವಂತಿಲ್ಲ. ಮಗುವಿನ ಹಾಲುಹಲ್ಲು ಬಿದ್ದು, ಜಡೆ ಉದ್ದವಾಗಿ, ಅಮ್ಮನ ಮುಖ ಹೇಗಿತ್ತೆಂದು ಫೋಟೋ ನೋಡಿ ಹೇಳಬೇಕಾಗುವಷ್ಟು ವರ್ಷ.

ತಡೆಯುವುದಕ್ಕೆ ಇದ್ದದ್ದು ಒಂದೇ ದಾರಿ. ವಾಪಸು ಕಳಿಸುವ ಆದೇಶದ ಮೇಲೆ ಮೇಲ್ಮನವಿ ಹಾಕಬೇಕು. ಹಾಕಿದರೆ ನ್ಯಾಯಾಧೀಶರು ಕೇಳಿ ಮುಗಿಸುವವರೆಗೆ ಯಾರೂ ಮುಟ್ಟುವಂತಿಲ್ಲ. ಅದಕ್ಕೆ ಗಡುವಿತ್ತು: ಮುಂದಿನ ವಾರದ ಶುಕ್ರವಾರ. ಕೈಯಲ್ಲಿ ದುಡ್ಡಿಲ್ಲದವರಿಗೆ ವಕೀಲರನ್ನು ಕೊಡುವ ಕಾನೂನು ನೆರವಿನ ಕಚೇರಿಯೊಂದು ಊರಲ್ಲಿತ್ತು. ನಾದಿನಿ ದಿನಾ ಕೆಲಸಕ್ಕೆ ಹೋಗುವ ಮುಂಚೆ ಅದರ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಹೊಲಿಗೆಯವಳ ಜೀವವೆಲ್ಲ ಆ ಶುಕ್ರವಾರದ ಮೇಲಿತ್ತು.

ಕೋಣೆಯವರೆಲ್ಲ ಮುದುಕಿಯನ್ನು ದೊಡ್ಡಮ್ಮ ಎನ್ನುತ್ತಿದ್ದರು. ಯಾರದೋ ಮನೆಯಲ್ಲಿ ಇಪ್ಪತ್ತು ವರ್ಷ ಅಡುಗೆ ಮಾಡಿದವಳು. ಆ ಮನೆಯವರು ಊರು ಬಿಟ್ಟು ಹೋಗುವಾಗ ಪಾತ್ರೆಗಳನ್ನು ಕಟ್ಟಿಕೊಂಡು ಹೋದರು, ಇವಳನ್ನು ಬಿಟ್ಟು ಹೋದರು. ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಹಳಬಳು ಅವಳೇ, ಹಾಗಾಗಿ ಒಂದನೇ ಮಂಚ ಅವಳದು, ಕೋಣೆಯ ಕಟ್ಟಳೆಯೂ ಅವಳದು.

ಆ ಕಟ್ಟಳೆ ಹುಟ್ಟಿದ್ದು ಹೀಗೆ. ಕಾವಲಿನವರು ಬಂದು ಮಂಚದ ನಂಬರ್ ಮಾತ್ರ ಕೂಗುತ್ತಾರೆ, ಯಾವ ಕೆಲಸಕ್ಕೆ ಕರೆಯುತ್ತಿದ್ದೇವೆ ಎಂದು ಹೇಳುವುದಿಲ್ಲ. ಮುಂಚೆ "ಚೀಲ ತಗೊಂಡು ಬಾ" ಎನ್ನುತ್ತಿದ್ದರಂತೆ. ಚೀಲ ಎಂದರೆ ವಿಮಾನ. ಆ ಮಾತು ಕೇಳಿ ಒಬ್ಬಳು ಗೋಡೆಗೆ ತಲೆ ಚಚ್ಚಿಕೊಂಡಳು. ಅಂದಿನಿಂದ ಏನೂ ಹೇಳಬಾರದೆಂದು ಮೇಲಿನಿಂದ ಆಜ್ಞೆಯಾಯಿತು. ಹೋದವಳು ಹೋದ ಮೇಲೆ, ಕಾವಲಿನವಳು ಬಂದು ಅವಳ ಚೀಲ ಎತ್ತಿಕೊಂಡು ಹೋಗುತ್ತಾಳೆ. ಆಗ ಉಳಿದವರಿಗೆ ಗೊತ್ತಾಗುತ್ತದೆ.

ದೊಡ್ಡಮ್ಮನ ಪಕ್ಕದಲ್ಲಿ ಮಲಗುತ್ತಿದ್ದ ಒಬ್ಬಳು ಹಾಗೆ ಮೊದಲ ಕೂಗಿಗೇ "ಬಂದೆ" ಎಂದು ಎದ್ದು ಹೋದಳು. ಅರ್ಧ ಕುಡಿದ ಚಹಾ ಕಿಟಕಿಯ ಕಟ್ಟೆಯ ಮೇಲೇ ಉಳಿಯಿತು. ಇನ್ನೊಬ್ಬಳು, ಹೂವಿನ ಅಂಗಡಿಯವಳು, ಬಚ್ಚಲಿನಲ್ಲಿದ್ದಾಗ ಅವಳ ನಂಬರ್ ಕೂಗಿದರು. ಉತ್ತರವಿಲ್ಲ. ಕಾವಲಿನವಳು ಒಂದು ಕ್ಷಣ ಕಾದು ಹೊರಟು ಹೋದಳು, ಅವತ್ತು ಯಾರೂ ಬರಲಿಲ್ಲ. ಹೂವಿನವಳು ಉಳಿದಳು. ಅಷ್ಟು ಸಾಕಾಯಿತು. ಮುಳುಗುವವಳಿಗೆ ಹುಲ್ಲುಕಡ್ಡಿ. ಅಲ್ಲಿಂದ ಮುಂದೆ ಯಾರನ್ನು ಕೂಗಿದರೂ ಕೋಣೆಯೆಲ್ಲ ಸತ್ತಂತೆ ಬಿದ್ದಿರುತ್ತಿತ್ತು. ಕೆಲವು ಸಲ ಕಾವಲಿನವಳು ಸುಮ್ಮನೆ ಹೋಗುತ್ತಿದ್ದಳು. ಕಟ್ಟಳೆ ಫಲ ಕೊಟ್ಟಿತು ಎನ್ನುತ್ತಿದ್ದರು. ಕೆಲವು ಸಲ ಇಬ್ಬರು ಮೂವರು ಒಳಗೆ ನುಗ್ಗಿ ರಟ್ಟೆ ಹಿಡಿದು ಎಳೆದೊಯ್ಯುತ್ತಿದ್ದರು. ಅದಕ್ಕೂ ದೊಡ್ಡಮ್ಮನ ಹತ್ತಿರ ಕಾರಣವಿತ್ತು: ಅವಳು ಕೆಮ್ಮಿದಳು, ಅವಳ ಮಂಚ ಕಿರ್ ಅಂದಿತು. ದೊಡ್ಡಮ್ಮನನ್ನೇ ಎಷ್ಟೋ ಸಲ ಕೂಗಿದ್ದರಂತೆ. ಒಮ್ಮೆಯೂ ಏಳಲಿಲ್ಲವಾದ್ದರಿಂದಲೇ ತಾನಿನ್ನೂ ಇದ್ದೇನೆ ಎಂದು ಅವಳು ನಂಬಿದ್ದಳು.

ಹೊಲಿಗೆಯವಳ ನಂಬರ್ ಕೂಗಿದ್ದು ಅವಳು ಬಂದ ವಾರದಲ್ಲೇ. ಬೆಳಗಿನ ಕಸ ಗುಡಿಸಿ ಆಗಿತ್ತು. ಬಾಗಿಲಲ್ಲಿ ಬೀಗದಕ್ಕ ನಿಂತಿದ್ದಳು. ಸೊಂಟಕ್ಕೆ ಗೊಂಚಲು ಬೀಗದಕೈ ಕಟ್ಟಿಕೊಂಡು ತಿರುಗುವ ಕಾವಲಿನವಳಿಗೆ ಆ ಹೆಸರಿಟ್ಟವಳು ಮೀನಿನವಳು. ಕೆಟ್ಟವಳಲ್ಲ, ಹಲ್ಲುನೋವಿನವಳು, ಒಂದು ಕೆನ್ನೆ ಯಾವಾಗಲೂ ಕೈಯಲ್ಲೇ.

"ಐದನೇ ಮಂಚ" ಎಂದಳು.

ಹೊಲಿಗೆಯವಳು ಕಂಬಳಿ ಮುಸುಕಿಕೊಂಡು ಮಲಗಿದ್ದಳು. ಎದೆ ಹೊಲಿಗೆ ಯಂತ್ರದ ಹಾಗೆ ಹೊಡೆದುಕೊಳ್ಳುತ್ತಿತ್ತು, ಆ ಸದ್ದು ಬಾಗಿಲಿಗೆ ಕೇಳಿಸುತ್ತದೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಬೀಗದಕ್ಕ ಮತ್ತೊಮ್ಮೆ ಕೂಗಿ, ಬರುತ್ತಾಳೋ ಇಲ್ಲವೋ ಎಂದು ಕೇಳಿದಳು. ಅವಳಿಗೆ ಹೊಟ್ಟೆ ಕೆಟ್ಟಿದೆ, ಬರುವುದಿಲ್ಲ ಎಂದು ದೊಡ್ಡಮ್ಮ ಕೂತಲ್ಲಿಂದಲೇ ಹೇಳಿದಳು. ಬೀಗದಕ್ಕ ಏನೋ ಗೀಚಿಕೊಂಡು ಹೊರಟು ಹೋದಳು. ಹೆಜ್ಜೆ ದೂರವಾದ ಮೇಲೆ ಹೊಲಿಗೆಯವಳು ಕಂಬಳಿ ಸರಿಸಿದಾಗ ಅವಳ ಕುಪ್ಪಸ ಬೆವರಿನಿಂದ ಮೈಗೆ ಅಂಟಿತ್ತು. ಮೀನಿನವಳು ತಾನು ಉಳಿಸಿಟ್ಟಿದ್ದ ಬಿಸ್ಕತ್ತಿನಲ್ಲಿ ಅರ್ಧ ಮುರಿದುಕೊಟ್ಟಳು, ಗಂಡಾಂತರ ಕಳೆಯಿತು ತಿನ್ನು ಎಂದು. ಆ ದಿನವಿಡೀ ಹೊಲಿಗೆಯವಳು ದೊಡ್ಡಮ್ಮನ ಕಾಲು ಒತ್ತುತ್ತಾ ಕೂತಿದ್ದಳು.

ಫೋನಿನ ಸರದಿ ಎರಡು ದಿನ ಬಿಟ್ಟು ಬಂತು. ಫೋನು ಓಣಿಯ ಗೋಡೆಗೆ ತಗುಲಿಹಾಕಿದ್ದು, ಹಿಂದೆ ಸಾಲು. ಆ ಕಡೆಯಿಂದ ನಾದಿನಿ ಹಲೋ ಎನ್ನಲಿಲ್ಲ.

"ಏನೇ, ಮಹಾರಾಣಿಯವರಿಗೆ ಬಿಡುವಾಯ್ತಾ?"

"ಅಕ್ಕಾ, ಮಗು ಹೇಗಿದೆ?"

"ಮಗು ಇರಲಿ. ಆ ಕಚೇರೀಲಿ ನಿಂತು ನಿಂತು ನನ್ನ ಕಾಲು ಬಾತುಹೋಯ್ತು. ಕೊನೆಗೆ ಒಬ್ಬ ಲಾಯರಮ್ಮನ್ನ ಕೊಟ್ರು. ಆಯಮ್ಮ ಬಸ್ಸು ಹತ್ತಿ ಅಷ್ಟು ದೂರ ಬಂದು, ನಿನ್ನ ಬಾಗಿಲಲ್ಲಿ ಕಾದು, ವಾಪಸ್ ಹೋದ್ರು. ನೀನು ನೋಡೋಲ್ಲ ಅಂದ್ಯಂತೆ."

ಹೊಲಿಗೆಯವಳು ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡಳು.

"ನಾನು ಹಾಗನ್ನಲಿಲ್ಲ ಅಕ್ಕಾ. ಬಂದಿದ್ದು ನನಗೆ ಗೊತ್ತೇ ಇಲ್ಲ."

"ಕರೆದಾಗ ಎಲ್ಲಿದ್ದೆ ಹಾಗಾದ್ರೆ?"

ಕಂಬಳಿಯೊಳಗೆ ಎನ್ನಲು ಅವಳಿಗೆ ನಾಲಿಗೆ ಏಳಲಿಲ್ಲ. ನಾದಿನಿ ಬೈಯುವುದನ್ನು ಬೈದು ಮುಗಿಸಿದಳು, ತಮ್ಮನಿಗೆ ಹುಡುಗಿ ನೋಡುವಾಗಲೇ ತನಗೆ ಅನುಮಾನವಿತ್ತು ಎನ್ನುವವರೆಗೂ ಹೋದಳು. ಆಮೇಲೆ ಮೂಗು ಏರಿಸುವ ಸದ್ದು ಕೇಳಿತು. ಮತ್ತೆ ಕಚೇರಿಗೆ ಹೋಗಿ, ಅಲ್ಲಿನ ಮೆಟ್ಟಿಲ ಮೇಲೆ ಕೂತು, ಏಳುವುದಿಲ್ಲ ಎಂದು ಹಠ ಹಿಡಿದಿದ್ದಳಂತೆ. ಲಾಯರಮ್ಮ ಮುಂದಿನ ವಾರ ಇನ್ನೊಂದು ಸಲ ಬರುತ್ತಾರೆ, ಬುಧವಾರವೋ ಗುರುವಾರವೋ, ಅವರಿಗೇ ಗೊತ್ತಿಲ್ಲ. ಈ ಸಲವೂ ನೋಡುವುದಿಲ್ಲ ಅಂದರೆ ಫೈಲು ಮುಚ್ಚುತ್ತಾರೆ, ಬೇರೆಯವರು ಸಾಲಿನಲ್ಲಿದ್ದಾರೆ. ಗುರುವಾರದ ಮರುದಿನವೇ ಗಡುವಿನ ಶುಕ್ರವಾರ.

ಕೊನೆಗೆ ಫೋನು ಮಗುವಿನ ಕೈಗೆ ಹೋಯಿತು.

"ಅಮ್ಮಾ, ನನ್ನ ಲಂಗದ ಅಂಚು ಬಿಚ್ಚಿದೆ. ಅತ್ತೆ ಪಿನ್ನು ಹಾಕಿದಾರೆ. ಕೂತ್ರೆ ಚುಚ್ಚುತ್ತೆ."

"ಚುಚ್ಚದ ಹಾಗೆ ಓರೆಯಾಗಿ ಹಾಕು ಅಂತ ಹೇಳು ಪುಟ್ಟಿ. ನಾನು ಬಂದು ಹೊಲೀತೀನಿ."

"ಯಾವಾಗ?" ಎಂದು ಮಗು ಕೇಳಿತು. ಅಷ್ಟರಲ್ಲಿ ಫೋನು ಕಟ್ಟಾಯಿತು, ಸರದಿ ಮುಗಿದಿತ್ತು.

ಕೋಣೆಗೆ ಬಂದು ಇದನ್ನೆಲ್ಲ ಹೇಳಿದಾಗ ದೊಡ್ಡಮ್ಮ, ಅವತ್ತಿನದು ಲಾಯರದ್ದೇ ಇರಬಹುದು, ಆದರೆ ಮುಂದಿನ ಕೂಗು ಯಾರದೆಂದು ಹೇಗೆ ಗೊತ್ತು ಎಂದು ಕೇಳಿದಳು. ವಕೀಲರನ್ನು ಒಳಗೆ ಬಿಡುವುದೂ ಬೆಳಿಗ್ಗೆ, ವಿಮಾನಕ್ಕೆ ಒಯ್ಯುವುದೂ ಬೆಳಿಗ್ಗೆ. ಎರಡಕ್ಕೂ ಒಂದೇ ಓಣಿ, ಒಂದೇ ಬೀಗದಕ್ಕ. ಲಾಯರು ಎಂದುಕೊಂಡು ಎದ್ದು ಹೋಗಿ ವ್ಯಾನಿನೊಳಗೆ ಕೂತರೆ?

ಆ ರಾತ್ರಿಯಿಂದ ಅವಳಿಗೆ ಊಟ ಸೇರಲಿಲ್ಲ. ಕೈಗೆ ಕೆಲಸವೂ ಇರಲಿಲ್ಲ, ಅಲ್ಲಿ ಸೂಜಿ ಕೊಡುತ್ತಿರಲಿಲ್ಲ. ಬೆರಳುಗಳು ತಾವಾಗಿಯೇ ಕಂಬಳಿಯ ಅಂಚನ್ನು ಮಡಿಚಿ, ಇಲ್ಲದ ಸೂಜಿಯಿಂದ ಹೆಮ್ಮಿಂಗ್ ಹಾಕುತ್ತಿದ್ದವು. ಒಂದು ದಿನ ದೊಡ್ಡಮ್ಮನ ಕನ್ನಡಕದ ಕಡ್ಡಿ ಮುರಿಯಿತು. ಹೊಲಿಗೆಯವಳು ಕಂಬಳಿಯಿಂದ ನೂಲು ಎಳೆದು, ಹಲ್ಲಿನಿಂದ ಬಿಗಿದು, ಕಡ್ಡಿಯನ್ನು ಕಟ್ಟಿಕೊಟ್ಟಳು. ಕನ್ನಡಕ ಹಾಕಿಕೊಂಡ ದೊಡ್ಡಮ್ಮ, ಓದುವುದಕ್ಕೆ ತನಗೆ ಇಲ್ಲಿ ಏನಿದೆ, ಗೋಡೆ ಮೇಲೆ ಇದು ಜೈಲಲ್ಲ ಅಂತಿದೆ, ಅದನ್ನೇ ಓದಬೇಕು ಎಂದಳು. ಎಲ್ಲರೂ ನಕ್ಕರು. ಹೊಲಿಗೆಯವಳೂ ನಕ್ಕಳು, ನಗುತ್ತಲೇ ಕಣ್ಣು ಬಾಗಿಲ ಕಡೆ ಇತ್ತು.

ಬೀಗದಕ್ಕನನ್ನು ಒಬ್ಬಳೇ ಸಿಕ್ಕಾಗ ಕೇಳಿಯೂ ನೋಡಿದಳು. ಬಾಯಿ ಬಿಟ್ಟು ಹೇಳುವುದು ಬೇಡ, ಲಾಯರಾದರೆ ಬಾಗಿಲ ಮೇಲೊಮ್ಮೆ ತಟ್ಟು ಸಾಕು ಎಂದು. ಬೀಗದಕ್ಕ ಕೆನ್ನೆಯಿಂದ ಕೈ ತೆಗೆದು ಮೇಲೆ ತೋರಿಸಿದಳು. ಮೂಲೆಯಲ್ಲಿ ಕ್ಯಾಮೆರಾ ಇತ್ತು. ತನಗೂ ಮಕ್ಕಳಿದ್ದಾರೆ ಎಂದಷ್ಟೇ ಹೇಳಿ ಹೋದಳು.

ಮಂಗಳವಾರ ಸಂಜೆ ಅಡುಗೆಮನೆ ತೊಳೆಯುವವಳು ಸುದ್ದಿ ತಂದಳು. ಕಾಗದದ ಚೀಲಗಳಲ್ಲಿ ಬ್ರೆಡ್ಡು, ನೀರಿನ ಬಾಟಲಿ ತುಂಬಿಸುತ್ತಿದ್ದಾರೆ. ದಾರಿಯ ಬುತ್ತಿ. ವಿಮಾನ ಗುರುವಾರ ಮಧ್ಯಾಹ್ನವಂತೆ, ಜನರನ್ನು ಬುಧವಾರ, ಗುರುವಾರ ಎರಡೂ ಬೆಳಿಗ್ಗೆ ಒಯ್ಯುತ್ತಾರಂತೆ. ಕೇಳಿದ ಮೇಲೆ ಒಬ್ಬಳು ತನ್ನ ಚೀಲವನ್ನು ಮಂಚದ ಕೆಳಗೆ ಇನ್ನೂ ಒಳಕ್ಕೆ ನೂಕಿದಳು, ಚೀಲ ಕಾಣದಿದ್ದರೆ ತಾನೂ ಕಾಣುವುದಿಲ್ಲ ಎನ್ನುವ ಹಾಗೆ.

ಬುಧವಾರ ಬೆಳಿಗ್ಗೆ ಹೆಜ್ಜೆ ಸದ್ದಾಯಿತು. ಹೊಲಿಗೆಯವಳು ಎದ್ದು ಕೂತಿದ್ದಳು, ಕಾಲು ನೆಲಕ್ಕೆ ಊರಿದ್ದಳು.

"ಎಂಟನೇ ಮಂಚ."

ಮೀನಿನವಳ ಮಂಚ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಅಲುಗಲಿಲ್ಲ. ಮತ್ತೊಮ್ಮೆ ಕೂಗಿದರು. ಕೋಣೆಯೆಲ್ಲ ಉಸಿರು ಹಿಡಿಯಿತು. ಬೀಗದಕ್ಕ ಹೋದಳು. ಉಳಿದಳಪ್ಪಾ ಎಂದು ಯಾರೋ ಪಿಸುಗುಟ್ಟುವಷ್ಟರಲ್ಲಿ ಓಣಿಯಲ್ಲಿ ಬೂಟುಗಳ ಸದ್ದು ಬಂತು, ಬಹಳ ಬೂಟುಗಳು. ಮೂವರು ಒಳಗೆ ಬಂದರು. ಮೀನಿನವಳು ಕಿರುಚಲಿಲ್ಲ. ಇಬ್ಬರ ನಡುವೆ ತೂಗಾಡುತ್ತಾ ಬಾಗಿಲವರೆಗೆ ಹೋದವಳು ತಿರುಗಿ, "ಕೈ ಬಿಡ್ರೋ, ಮೀನಿನ ವಾಸನೆ ನಿಮಗೂ ಹತ್ತೀತು" ಎಂದಳು. ಅವಳ ಒಂದು ಚಪ್ಪಲಿ ಮಂಚದ ಹತ್ತಿರವೇ ಉಳಿಯಿತು. ಸ್ವಲ್ಪ ಹೊತ್ತಿಗೆ ಬೀಗದಕ್ಕ ಬಂದು, ಯಾರ ಮುಖವನ್ನೂ ನೋಡದೆ, ಚೀಲ ಎತ್ತಿಕೊಂಡಳು. ಹೊಲಿಗೆಯವಳು ಚಪ್ಪಲಿಯನ್ನು ತೆಗೆದು ಅವಳ ಕೈಗಿಟ್ಟಳು.

"ಕಾಲು ಅಲ್ಲಾಡಿಸಿದಳು, ನಾನು ನೋಡಿದೆ" ಎಂದಳು ದೊಡ್ಡಮ್ಮ. ಆದರೆ ಅವಳ ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

ಲಾಯರು ಅಂದು ಬರಲಿಲ್ಲ.

ಗುರುವಾರ ಹೊಲಿಗೆಯವಳು ಬೆಳಗಾಗುವ ಮುಂಚೆಯೇ ಮುಖ ತೊಳೆದು ತಲೆ ಬಾಚಿಕೊಂಡಳು. ಲಾಯರಾದರೂ ಸರಿ, ವಿಮಾನವಾದರೂ ಸರಿ, ಕೆದರಿದ ತಲೆಯಲ್ಲಿ ಹೋಗಬಾರದು ಎನಿಸಿತ್ತು. ಚಹಾ ತಣ್ಣಗಾಯಿತು. ಕಿಟಕಿಯ ಬೆಳಕು ಗೋಡೆಯ ಮೇಲಿನ ಅಕ್ಷರಗಳವರೆಗೆ ಇಳಿಯಿತು. ಆಗ ಹೆಜ್ಜೆ ಸದ್ದು, ಬೀಗದಕೈಗಳ ಸದ್ದು.

"ಐದನೇ ಮಂಚ."

ಏಳಬೇಕೆಂದು ಇಡೀ ವಾರ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದಳು. ಆದರೂ ಈಗ ಕಂಬಳಿಯ ಅಂಚು ಹಿಡಿದುಕೊಂಡು ಕೂತಲ್ಲೇ ಇದ್ದಳು. ನಿನ್ನೆಯ ಬೂಟುಗಳು ಕಿವಿಯಲ್ಲಿದ್ದವು. ಎದುರಿಗೆ ಖಾಲಿ ಮಂಚ. ದೊಡ್ಡಮ್ಮ ತುಟಿಯ ಮೇಲೆ ಬೆರಳಿಟ್ಟು ತಲೆ ಅಲ್ಲಾಡಿಸುತ್ತಿದ್ದಳು, ಬೇಡ, ಬೇಡ. ಅವಳ ಕಣ್ಣಲ್ಲಿ ನೀರಿತ್ತು. ಬೀಗದಕ್ಕ ಕಾದಳು. ಅವಳ ಮುಖದಲ್ಲಿ ಓದುವಂಥದ್ದು ಏನೂ ಇರಲಿಲ್ಲ, ಊದಿದ ಕೆನ್ನೆಯೊಂದನ್ನು ಬಿಟ್ಟರೆ.

"ಐದನೇ ಮಂಚ. ಬರ್ತಾಳಾ, ಇಲ್ವಾ?"

ಸುಮ್ಮನಿದ್ದರೆ ನಾಳೆ ಶುಕ್ರವಾರ ಮುಗಿಯುತ್ತದೆ. ಎದ್ದರೆ ಇವತ್ತೇ ಮುಗಿಯಬಹುದು. ಮಗು ಕೂತಾಗ ಪಿನ್ನು ಚುಚ್ಚುವುದು ಹೊಲಿಗೆಯವಳಿಗೆ ತನ್ನ ತೊಡೆಯಲ್ಲೇ ಚುಚ್ಚಿದಂತಾಯಿತು.

"ಬಂದೆ" ಎಂದಳು. ದನಿ ಎಷ್ಟು ಸಣ್ಣದಾಗಿತ್ತೆಂದರೆ ಮತ್ತೊಮ್ಮೆ ಹೇಳಬೇಕಾಯಿತು. "ಬಂದೆ, ತಾಳಿ."

ಬಾಗಿಲು ದಾಟುವಾಗ ದೊಡ್ಡಮ್ಮನ ಕಡೆ ತಿರುಗಿ ಬರ್ತೀನಿ ಎಂದಳು. ಹೋಗ್ತೀನಿ ಎನ್ನುವ ಮಾತನ್ನು ಅಮ್ಮ ಚಿಕ್ಕಂದಿನಿಂದಲೂ ಆಡಗೊಟ್ಟಿರಲಿಲ್ಲ.

ಓಣಿ ಉದ್ದವಾಗಿತ್ತು, ಫಿನಾಯಿಲ್ ಹಾಕಿ ಒರೆಸಿದ್ದರಿಂದ ಜಾರುತ್ತಿತ್ತು. ಬೀಗದಕ್ಕ ಮುಂದೆ, ಅವಳು ಹಿಂದೆ. ಓಣಿಯ ಕೊನೆಯಲ್ಲಿ ಎರಡು ಬಾಗಿಲು. ಬಲಗಡೆಯದು ಕಬ್ಬಿಣದ್ದು, ಅದರಾಚೆ ಅಂಗಳ. ಯಾವುದೋ ದೊಡ್ಡ ಗಾಡಿಯ ಎಂಜಿನ್ ಗುರುಗುಟ್ಟುತ್ತಿರುವುದು ನೆಲದಲ್ಲೇ ಕಾಲಿಗೆ ತಿಳಿಯುತ್ತಿತ್ತು. ಎಡಗಡೆಯದು ಬಣ್ಣ ಹೋದ ಮರದ ಬಾಗಿಲು. ಬೀಗದಕ್ಕ ಎರಡರ ನಡುವೆ ನಿಂತು ಗೊಂಚಲಿನಲ್ಲಿ ಬೀಗದಕೈ ಹುಡುಕತೊಡಗಿದಳು. ಒಂದನ್ನು ಹಿಡಿದಳು, ಬಿಟ್ಟಳು. ಇನ್ನೊಂದು ಹಿಡಿದಳು. ಹೊಲಿಗೆಯವಳು ಗೋಡೆಗೆ ಅಂಗೈ ಊರಿದಳು. ಎಲ್ಲಿಗೆ ಎಂದು ಕೇಳಬೇಕೆಂದರೂ ಆಗಲಿಲ್ಲ, ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ ಎಂಬ ಭಯ.

ಬೀಗದಕ್ಕ ಎಡಕ್ಕೆ ತಿರುಗಿದಳು.

ಸಣ್ಣ ಕೋಣೆ. ಮೇಜಿನಾಚೆ ನಡುವಯಸ್ಸಿನ ಹೆಂಗಸೊಬ್ಬಳು ಒಂದು ಬೂಟು ಬಿಚ್ಚಿ ಹಿಮ್ಮಡಿ ಒತ್ತಿಕೊಳ್ಳುತ್ತಿದ್ದಳು. ಇವಳನ್ನು ನೋಡಿ ಗಡಬಡಿಸಿ ಬೂಟು ಹಾಕಿಕೊಂಡಳು. ಹೊಲಿಗೆಯವಳು ಕುರ್ಚಿಯವರೆಗೆ ಹೋಗಲಾರದೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಲಾಯರಮ್ಮ ಮೇಜು ಸುತ್ತಿ ಬಂದು, ತಾನೂ ಅವಳ ಪಕ್ಕ ನೆಲಕ್ಕೆ ಕೂತು, ನೀರಿನ ಬಾಟಲಿ ಕೊಟ್ಟಳು. ಹೆಸರು, ಗಂಡನ ಕೆಲಸ, ಅವನು ಸತ್ತ ದಿನ, ಮಗು ಹುಟ್ಟಿದ ಆಸ್ಪತ್ರೆ, ಒಂದೊಂದನ್ನೇ ಕೇಳಿ ಬರೆದುಕೊಂಡಳು. ಇವತ್ತು ಸಂಜೆಯೊಳಗೆ ಮೇಲ್ಮನವಿ ಕೋರ್ಟಿಗೆ ಮುಟ್ಟುತ್ತದೆ, ಮುಟ್ಟಿದ ಮೇಲೆ ವಿಚಾರಣೆ ಮುಗಿಯುವವರೆಗೆ ವಿಮಾನವಿಲ್ಲ ಎಂದಳು. ಗೆಲ್ಲುತ್ತೇವೆ ಎಂದು ಮಾತ್ರ ಹೇಳಲಿಲ್ಲ. ಹೊಲಿಗೆಯವಳು ಅಚ್ಚುಕಟ್ಟಾಗಿ ಸಹಿ ಹಾಕಿದಳು.

ಕಾಗದ ಮಡಿಚುತ್ತಾ ಲಾಯರಮ್ಮ ಹೋದ ವಾರ ಯಾಕೆ ಬರಲಿಲ್ಲ ಎಂದು ಕೇಳಿದಳು. ಹೊಲಿಗೆಯವಳು ಕೋಣೆಯ ಕಟ್ಟಳೆಯನ್ನು ಹೇಳಿದಳು. ಲಾಯರಮ್ಮನ ಕೈ ನಿಂತಿತು.

"ವಿಮಾನಕ್ಕಾದ್ರೆ ಅವರು ಕೂಗಿ ಸುಮ್ಮನೆ ಹೋಗ್ತಾರೇನಮ್ಮಾ? ಒಳಗೆ ಬಂದು ಎತ್ತಿಕೊಂಡು ಹೋಗ್ತಾರೆ. ಲಾಯರನ್ನ ನೋಡೋದು ಬಿಡೋದು ಮಾತ್ರ ನಿಮ್ಮಿಷ್ಟ, ಬಲವಂತ ಮಾಡೋ ಹಾಗಿಲ್ಲ. ಕೂಗಿ ವಾಪಸ್ ಹೋದ್ರು ಅಂದ್ರೆ, ಬಾಗಿಲಲ್ಲಿ ನಾವೇ ಇದ್ವಿ ಅಂತ."

ಆ ಕೋಣೆಯವರು ಯಾರನ್ನೂ ನೋಡುವುದಿಲ್ಲ, ಸೊಕ್ಕಿನವರೋ ಬೇಸತ್ತವರೋ ಎಂದು ಕಚೇರಿಯಲ್ಲಿ ಮಾತಾಡಿಕೊಳ್ಳುತ್ತಿದ್ದರಂತೆ. ಕಿಟಕಿಯ ಕೆಳಗೆ ಮಲಗುವ ಅಜ್ಜಿಯೊಬ್ಬಳಿಗೆ ಬೇರೆ ಬೇರೆ ಲಾಯರುಗಳು ಬಂದು ಹೋಗಿದ್ದಾರೆ, ಬೇಡ ಎಂದಿದ್ದಾಳೆಂದು ಅವಳ ಫೈಲನ್ನು ಎಂದೋ ಮುಚ್ಚಿ ಆಗಿದೆ. ಅವಳ ದೇಶದಿಂದ ಒಪ್ಪಿಗೆಯ ಕಾಗದ ಇನ್ನೂ ಬಂದಿಲ್ಲ, ಅದಕ್ಕೇ ವಿಮಾನ ಹತ್ತಿಸಿಲ್ಲ. ಬಿಡುಗಡೆಗೆ ಅರ್ಜಿ ಹಾಕಿದ್ದರೆ ಆ ವಯಸ್ಸಿನವರನ್ನು ಬಿಡುತ್ತಿದ್ದರೋ ಏನೋ. ಹೊಲಿಗೆಯವಳು ಲಾಯರಮ್ಮನ ತೋಳು ಹಿಡಿದುಕೊಂಡಳು. ಆ ಫೈಲನ್ನು ಮತ್ತೆ ತೆಗೆಯಿರಿ, ಅವಳನ್ನು ನಾನು ಎಬ್ಬಿಸಿ ಕಳಿಸುತ್ತೇನೆ ಎಂದಳು.

ಕೋಣೆಗೆ ವಾಪಸು ಬಂದವಳನ್ನು ಎಲ್ಲರೂ ಮುಟ್ಟಿ ಮುಟ್ಟಿ ನೋಡಿದರು. ವಿಮಾನ ಹಾರಿದ ಸದ್ದು ಮಧ್ಯಾಹ್ನ ಚಾವಣಿಯ ಮೇಲೆ ಹಾದುಹೋಯಿತು. ಯಾರೂ ತಲೆ ಎತ್ತಲಿಲ್ಲ. ಸಂಜೆ ನಾದಿನಿ ಫೋನಿನಲ್ಲಿ ಅರ್ಜಿ ಮುಟ್ಟಿತು ಎಂದಳು, ಇನ್ನಾದರೂ ಕಿವಿ ತೊಳೆದುಕೊಂಡು ಕೂತಿರು ಎಂದೂ ಸೇರಿಸಿದಳು.

ದೊಡ್ಡಮ್ಮನಿಗೆ ಹೇಗೆ ಹೇಳುವುದೆಂದು ಹೊಲಿಗೆಯವಳು ಎರಡು ದಿನ ಒದ್ದಾಡಿದಳು. ಕೊನೆಗೆ ಕಾಲು ಒತ್ತುತ್ತಾ, ತಲೆ ತಗ್ಗಿಸಿಕೊಂಡೇ ಹೇಳಿದಳು. ದೊಡ್ಡಮ್ಮ ಕೇಳಿಸಿಕೊಂಡಳು. ಬೆರಳು ಮಡಿಚುತ್ತಾ ಏನೋ ಎಣಿಸತೊಡಗಿದವಳು, ಎಣಿಕೆ ಮುಗಿಯುವ ಮುಂಚೆಯೇ ಕೈಯನ್ನು ಕಂಬಳಿಯೊಳಗೆ ಎಳೆದುಕೊಂಡಳು.

"ಅಂದ್ರೆ ಹೂವಿನವಳನ್ನ ಕರೆಯೋಕೆ ಬಂದಿದ್ದೂ..."

"ಗೊತ್ತಿಲ್ಲ ದೊಡ್ಡಮ್ಮ."

"ಅವಳು ಆಮೇಲೆ ಹೋದಳಲ್ಲ ಮಗಾ. ತಿಂಗಳು ಕಳೆದ ಮೇಲೆ. ಎಳ್ಕೊಂಡು ಹೋದ್ರು."

ಹೊಲಿಗೆಯವಳು ಕಾಲು ಒತ್ತುತ್ತಲೇ ಇದ್ದಳು. ಆ ಪಾದಗಳು ತಣ್ಣಗಿದ್ದವು. ಈ ಸಲ ಕೂಗಿದರೆ ಏಳಬೇಕು ಎಂದು ಅವಳು ಹೇಳಿದಾಗ ದೊಡ್ಡಮ್ಮ ಕಾಲು ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು.

ಮುಂದಿನ ವಾರ ಅಡುಗೆಮನೆಯಲ್ಲಿ ಮತ್ತೆ ಬ್ರೆಡ್ಡು ತುಂಬಿಸುತ್ತಿದ್ದಾರೆಂಬ ಸುದ್ದಿ ಬಂತು. ಅದರ ಮರುದಿನ ಬೆಳಿಗ್ಗೆ ಬೀಗದಕ್ಕ ಬಾಗಿಲಿಗೆ ಬಂದಳು.

"ಒಂದನೇ ಮಂಚ."

ದೊಡ್ಡಮ್ಮ ಗೋಡೆಗೆ ಒರಗಿ ಕೂತಿದ್ದಳು. ಇಷ್ಟು ದಿನ ಕೋಣೆಗೆಲ್ಲ ಕಲಿಸಿದ ಪಾಠ ಅವಳ ಮೈಯಲ್ಲೇ ಹೂತುಹೋಗಿತ್ತು. ಎರಡನೇ ಕೂಗು ಬಂತು. ಹೊಲಿಗೆಯವಳ ಬಾಯಿಗೆ ಹೋಗು ಎಂಬ ಮಾತು ಬಂದು ನಿಂತಿತು. ಲಾಯರೇ ಎಂದು ಇವಳು ಪ್ರಮಾಣ ಮಾಡಬಲ್ಲಳೇ? ಕಳಿಸಿದ್ದು ವ್ಯಾನಿಗಾದರೆ? ಆದರೂ ಎದ್ದು ಹೋಗಿ, ದೊಡ್ಡಮ್ಮನ ಚಪ್ಪಲಿಗಳನ್ನು ಜೋಡಿಸಿ ಅವಳ ಕಾಲ ಬಳಿ ಇಟ್ಟಳು.

ದೊಡ್ಡಮ್ಮ ಚಪ್ಪಲಿ ನೋಡಿದಳು, ಇವಳ ಮುಖ ನೋಡಿದಳು.

"ನಿನ್ನ ಮಾತು ಕಟ್ಕೊಂಡು ಹೊರಟೆ ಕಣೇ" ಎಂದಳು. ಆಮೇಲೆ ಬಾಗಿಲಿಗೆ, "ಬಂದೆನಮ್ಮಾ, ಮುದುಕಿ, ನಿಧಾನ."

ಅವಳ ಹೆಜ್ಜೆ ಓಣಿಯಲ್ಲಿ ಕರಗಿತು. ಅವಳ ಚೀಲ, ಹಿಡಿಕೆ ಹರಿದ ಬಟ್ಟೆಯ ಚೀಲ, ಮಂಚದ ಕೆಳಗಿತ್ತು. ಕೋಣೆಯ ಹೆಂಗಸರೆಲ್ಲ ಆ ಚೀಲವನ್ನೇ ನೋಡುತ್ತಾ ಕೂತರು. ಹೊಲಿಗೆಯವಳು ಅದರ ಪಕ್ಕ ನೆಲದ ಮೇಲೆ ಕೂತಿದ್ದಳು. ಅಂಗಳದಲ್ಲಿ ಗಾಡಿಯ ಎಂಜಿನ್ ಶುರುವಾಯಿತು. ನಿಂತಿತು. ಮತ್ತೆ ಶುರುವಾಯಿತು. ಒಬ್ಬಳು ಅಳತೊಡಗಿದಳು, ಇನ್ನೊಬ್ಬಳು ಅವಳ ಬಾಯಿ ಮುಚ್ಚಿದಳು. ಓಣಿಯಲ್ಲಿ ಬೀಗದಕೈಗಳ ಸದ್ದು ಹತ್ತಿರವಾಯಿತು.

ಬಾಗಿಲು ತೆರೆಯಿತು. ಬೀಗದಕ್ಕ ಒಬ್ಬಳೇ. ನೇರವಾಗಿ ಒಂದನೇ ಮಂಚದ ಹತ್ತಿರ ಬಂದಳು. ಹೊಲಿಗೆಯವಳು ಚೀಲವನ್ನು ಎರಡೂ ಕೈಯಿಂದ ತಬ್ಬಿಕೊಂಡಳು, ಬಿಡುವುದಿಲ್ಲ ಎನ್ನುವ ಹಾಗೆ.

"ಅದನ್ನ ಯಾಕಮ್ಮಾ ಹಿಡ್ಕೊಂಡಿದೀಯ?" ಎಂದಳು ಬೀಗದಕ್ಕ. "ನಿಮ್ಮಜ್ಜಿಗೆ ಕನ್ನಡಕ ಬೇಕಂತೆ. ಓದದೆ ಸಹಿ ಹಾಕಲ್ಲ ಅಂತ ಲಾಯರ ಹತ್ರ ಜಗಳ ಮಾಡ್ತಾ ಕೂತಿದೆ."

ಕನ್ನಡಕ ದಿಂಬಿನ ಕೆಳಗಿತ್ತು. ಹೊಲಿಗೆಯವಳು ಅದನ್ನು ತೆಗೆದು, ತಾನು ಕಟ್ಟಿದ ನೂಲು ಸಡಿಲಾಗಿದೆಯೇ ಎಂದು ನೋಡಿದಳು. ಸ್ವಲ್ಪ ಸಡಿಲಾಗಿತ್ತು. ಬೀಗದಕ್ಕ ಕೆನ್ನೆ ಹಿಡಿದುಕೊಂಡು ಕಾಯುತ್ತಿದ್ದಳು. ಹೊಲಿಗೆಯವಳು ನೂಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಎಳೆದು, ಮತ್ತೊಂದು ಗಂಟು ಹಾಕಿ ಕೊಟ್ಟಳು. ಅಂಗಳದಲ್ಲಿ ಎಂಜಿನ್ ಇನ್ನೂ ಗುರುಗುಟ್ಟುತ್ತಿತ್ತು. ಬೇರೆ ಯಾವುದೋ ಕೋಣೆಯ ಬಾಗಿಲಲ್ಲಿ ಯಾರದೋ ನಂಬರ್ ಕೂಗುತ್ತಿದ್ದರು.